ಜೋಲುಬಿದ್ದ ರೆಪ್ಪೆ: ಸೂಜಿಯೋ, ಶಸ್ತ್ರವೋ?



ಹೋದ ಸಂಚಿಕೆಯಲ್ಲಿ ಸಕ್ಕರೆ ಕಾಯಿಲೆಯವರು ತಮ್ಮ ಪಾದಗಳ ವಿಷಯದಲ್ಲಿ ವಹಿಸಬೇಕಾದ ಎಚ್ಚರಿಕೆಯನ್ನು ಕುರಿತು ಬರೆದಿದ್ದೆವು. ಈ ಸಲ ಕಣ್ಣಿನ ವಿಷಯ. ಕಣ್ಣೆಂದರೆ ಒಳಗಿನ ಗುಡ್ಡೆಯದಲ್ಲ, ಅದನ್ನು ಮುಚ್ಚಿ ಕಾಯುವ ರೆಪ್ಪೆಯದು. ವಯಸ್ಸಾದಂತೆ ಜೋಲುಬೀಳುವ ರೆಪ್ಪೆಯನ್ನು ಎತ್ತಿ ಸರಿಪಡಿಸುವುದಕ್ಕೆ ಇಂದು ಎರಡು ದಾರಿಗಳಿವೆ. ಒಂದು ಶಸ್ತ್ರಕ್ರಿಯೆ, ಇನ್ನೊಂದು ಕತ್ತಿ ತಾಗಿಸದೆ ಸೂಜಿಯಿಂದಲೋ ಯಂತ್ರದಿಂದಲೋ ಮಾಡತಕ್ಕದ್ದು. "ರೆಪ್ಪೆ ಎತ್ತಿಸಿಕೊಳ್ಳುವುದು ಸಿನೆಮಾದವರ ಸಂಗತಿ, ನಮ್ಮ ವಾಚನಾಲಯದ ಪತ್ರಿಕೆಯಲ್ಲಿ ಅದಕ್ಕೇನು ಕೆಲಸ?" ಎಂದು ನಮ್ಮ ಸಮಿತಿಯ ಹಿರಿಯರೊಬ್ಬರು ಕೇಳಿದರು. ಮೂರು ತಿಂಗಳ ಹಿಂದಿನವರೆಗೆ ನಾವೂ ಹಾಗೆಯೇ ತಿಳಿದಿದ್ದೆವು.

ನಮ್ಮ ವಾಚನಾಲಯಕ್ಕೆ ದಿನಾಲೂ ಸಂಜೆ ಬರುವ ಅಕ್ಕೋರೊಬ್ಬರಿದ್ದಾರೆ. ಮುನಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಕಲಿಸಿ ನಿವೃತ್ತರಾದವರು. ಅವರ ಅನುಮತಿ ಪಡೆದೇ ಇದನ್ನು ಬರೆಯುತ್ತಿದ್ದೇವೆ. ಅವರು ಪತ್ರಿಕೆ ಓದುವ ರೀತಿಯೇ ಬೇರೆ. ಗದ್ದವನ್ನು ಮೇಲಕ್ಕೆತ್ತಿ, ಹುಬ್ಬುಗಳನ್ನು ಹಣೆಗೆ ಏರಿಸಿ, ಮೂಗಿನ ಕೆಳಗಿನಿಂದ ಅಕ್ಷರಗಳನ್ನು ನೋಡುವರು. ಕೆಲವೊಮ್ಮೆ ಎಡಗೈಯ ಬೆರಳಿನಿಂದ ಹುಬ್ಬನ್ನು ಎತ್ತಿ ಹಿಡಿದುಕೊಂಡೇ ಸಂಪಾದಕೀಯ ಮುಗಿಸುವರು. ಹಣೆಯ ಮೇಲೆ ಆರೇಳು ಗೆರೆಗಳು, ಉತ್ತ ಹೊಲದಂತೆ. ಯಾವಾಗಲೂ ಏನನ್ನೋ ಕೇಳಿ ಆಶ್ಚರ್ಯಪಟ್ಟವರ ಮುಖ. ನಾವು ಅದನ್ನು ಅವರ ಸ್ವಭಾವವೆಂದುಕೊಂಡಿದ್ದೆವು.

ಒಂದು ದಿನ ಅವರು ಬಣ್ಣದ ಜಾಹೀರಾತೊಂದನ್ನು ಮೇಜಿನ ಮೇಲಿಟ್ಟು, "ನೋಡ್ರಿ ತಮ್ಮಾ, ಇದರಾಗ ಕತ್ತರಿಸೂದಿಲ್ಲ, ಹೊಲಿಯೂದಿಲ್ಲ, ಬರೇ ಸೂಜಿ ಅಂತ ಬರದಾರ. ಹಣಿ ಗೆರಿನೂ ಹೋಗ್ತಾವಂತ, ಕಣ್ಣೂ ಮ್ಯಾಲೆ ಏಳ್ತಾವಂತ. ಸೊಸಿ ಮುಂಗಡ ಕೊಟ್ಟು ಬಂದಾಳ. ಹೋಗಲ್ಯೋ ಬ್ಯಾಡೋ?" ಎಂದು ಕೇಳಿದರು. ಗಿರಣಿಯಲ್ಲಿ ಹಾಜರಿಪಟ್ಟಿ, ಲೆಕ್ಕಪಟ್ಟಿ ಬರೆಯುವ ನಾವು ಮೆಟ್ರಿಕ್ಕಿನವರೆಗೆ ಓದಿದವರು, ವೈದ್ಯರಲ್ಲ. ಏನು ಹೇಳಬೇಕೆಂದು ತಿಳಿಯಲಿಲ್ಲ. "ಅಕ್ಕೋರ, ಮೊದಲು ಕಣ್ಣಿನ ಡಾಕ್ಟರಿಗೊಮ್ಮೆ ತೋರಿಸೋಣ್ರಿ" ಎಂದಷ್ಟೇ ಹೇಳಿ, ಮುಂದಿನ ಸೋಮವಾರ ಅರ್ಧ ದಿನದ ರಜೆ ಹಾಕಿ ಅವರೊಂದಿಗೆ ದೊಡ್ಡ ಆಸ್ಪತ್ರೆಯ ನೇತ್ರ ವಿಭಾಗಕ್ಕೆ ಹೋದೆವು. ಅಲ್ಲಿ ಕಂಡದ್ದನ್ನೂ ಕೇಳಿದ್ದನ್ನೂ, ಅನಂತರ ಪುಸ್ತಕಗಳಿಂದ ತಿಳಿದುಕೊಂಡದ್ದನ್ನೂ ಇಲ್ಲಿ ವಾಚಕರ ಮುಂದಿಡುತ್ತಿದ್ದೇವೆ.

ಮೊದಲು ರೆಪ್ಪೆಯ ರಚನೆ ತಿಳಿಯಬೇಕು. ಅಂಗಡಿಯ ಮುಂದೆ ಮಳೆಗಾಲದಲ್ಲಿ ಕಟ್ಟುವ ತಾಡಪತ್ರಿಯನ್ನು ಎಲ್ಲರೂ ನೋಡಿದ್ದೇವೆ. ಮೇಲೆ ಒಂದು ಬಿದಿರಿನ ಗಳ, ಅದರಿಂದ ಇಳಿಬಿಟ್ಟ ತಾಡಪತ್ರಿ, ಅದನ್ನು ಮೇಲಕ್ಕೆ ಸುತ್ತಲು ಒಂದು ಹಗ್ಗ. ಕಣ್ಣಿನಲ್ಲಿ ಹುಬ್ಬೇ ಗಳ, ರೆಪ್ಪೆಯ ಚರ್ಮವೇ ತಾಡಪತ್ರಿ, ರೆಪ್ಪೆಯನ್ನು ಎತ್ತುವ ಸ್ನಾಯುವೇ ಹಗ್ಗ. ಇದಕ್ಕೆ ವೈದ್ಯರು ಲಿವೇಟರ್ ಎನ್ನುತ್ತಾರೆ. ಮಿದುಳಿನಿಂದ ಬರುವ ಮೂರನೆಯ ನರ ಈ ಸ್ನಾಯುವನ್ನು ಆಳುತ್ತದೆ. ಇದರ ಅಡಿಯಲ್ಲಿ ಮುಲ್ಲರ್ ಎಂಬವರ ಹೆಸರಿನ ಸಣ್ಣ ಸಹಾಯಕ ಸ್ನಾಯು ಇನ್ನೊಂದಿದೆ. ಕಣ್ಣು ಮುಚ್ಚುವ ಸ್ನಾಯುವೇ ಬೇರೆ, ಅದು ಕಣ್ಣಿನ ಸುತ್ತ ಬಳೆಯಂತೆ ಇರುತ್ತದೆ. ರೆಪ್ಪೆಯ ಚರ್ಮ ಇಡೀ ದೇಹದಲ್ಲಿ ಎಲ್ಲಕ್ಕಿಂತ ತೆಳುವಾದದ್ದು, ದಪ್ಪ ಒಂದು ಮಿಲಿಮೀಟರಿಗೂ ಕಡಿಮೆ. ಅದರ ಹಿಂದೆ ಒಂದು ತೆಳು ಪರದೆ; ಪರದೆಯ ಹಿಂದೆ ಮೇಲಿನ ರೆಪ್ಪೆಯಲ್ಲಿ ಎರಡು, ಕೆಳಗಿನದರಲ್ಲಿ ಮೂರು ಕೊಬ್ಬಿನ ಗಂಟುಗಳು. ಕಣ್ಣುಗುಡ್ಡೆಗೆ ಅವು ಮೆತ್ತೆಯಿದ್ದ ಹಾಗೆ.

ಈಗ ತಾಡಪತ್ರಿ ಜೋತುಬಿದ್ದು ಅಂಗಡಿ ಕಾಣದಂತಾಯಿತೆನ್ನಿ. ಕಾರಣ ಮೂರರಲ್ಲಿ ಯಾವುದೂ ಆಗಿರಬಹುದು. ಬಟ್ಟೆಯೇ ಹಿಗ್ಗಿ ಉದ್ದವಾಗಿರಬಹುದು, ಹಗ್ಗ ಸಡಿಲಾಗಿರಬಹುದು, ಇಲ್ಲವೆ ಗಳವೇ ಕೆಳಕ್ಕೆ ಜಾರಿರಬಹುದು. ಬಟ್ಟೆ ಹಿಗ್ಗಿದಾಗ ಹಗ್ಗ ಬಿಗಿದು ಪ್ರಯೋಜನವಿಲ್ಲ, ಹಗ್ಗ ಸಡಿಲಾದಾಗ ಬಟ್ಟೆ ಕತ್ತರಿಸಿ ಪ್ರಯೋಜನವಿಲ್ಲ. ಕಣ್ಣಿನಲ್ಲಿಯೂ ಹೀಗೆಯೇ. ಚರ್ಮ ಹೆಚ್ಚಾಗಿ ರೆಪ್ಪೆಗೂದಲ ಮೇಲೆ ಮಡಿಚಿ ಬೀಳುವುದು ಒಂದು ಬಗೆ. ಸ್ನಾಯುವಿನ ಹಿಡಿತ ಸಡಿಲಾಗಿ ರೆಪ್ಪೆಯ ಅಂಚೇ ಕೆಳಗಿಳಿಯುವುದು ಇನ್ನೊಂದು ಬಗೆ, ಅದಕ್ಕೆ ಟೋಸಿಸ್ ಎಂದು ಹೆಸರು. ಹುಬ್ಬು ಜಾರಿ ಚರ್ಮವನ್ನೆಲ್ಲ ಕೆಳಕ್ಕೆ ದೂಡುವುದು ಮೂರನೆಯದು. ಹಲವರಲ್ಲಿ ಎರಡು ಮೂರು ಕೂಡಿಕೊಂಡಿರುತ್ತವೆ. ಜಾಹೀರಾತಿನಲ್ಲಿ ಮಾತ್ರ ಎಲ್ಲಕ್ಕೂ ಒಂದೇ ಹೆಸರು, 'ಕಣ್ಣು ಎತ್ತುವುದು'.

ನಮ್ಮ ಅಕ್ಕೋರನ್ನು ಪರೀಕ್ಷಿಸಿದ ಡಾಕ್ಟರು ಮೊದಲು ಒಂದು ಸಣ್ಣ ಟಾರ್ಚು ಹಿಡಿದರು. ಕಣ್ಣಪಾಪೆಯ ನಡುವೆ ಬೆಳಕಿನ ಚುಕ್ಕೆಯೊಂದು ಮೂಡಿತು. ಆ ಚುಕ್ಕೆಯಿಂದ ಮೇಲಿನ ರೆಪ್ಪೆಯ ಅಂಚಿನವರೆಗೆ ಅಳತೆಪಟ್ಟಿಯಿಂದ ಅಳೆದರು. ಸಾಮಾನ್ಯವಾಗಿ ಅದು ನಾಲ್ಕೈದು ಮಿಲಿಮೀಟರ್ ಇರುತ್ತದೆ. ಅಕ್ಕೋರಿಗೆ ಬಲಗಡೆ ಸರಿಯಾಗಿಯೇ ಇತ್ತು, ಎಡಗಡೆ ಎರಡಕ್ಕೆ ಇಳಿದಿತ್ತು. ಅನಂತರ ಡಾಕ್ಟರು ತಮ್ಮ ಅಂಗೈಯಿಂದ ಅಕ್ಕೋರ ಹಣೆಯನ್ನು ಒತ್ತಿ ಹಿಡಿದು, ಹುಬ್ಬು ಮೇಲೇರದಂತೆ ತಡೆದು, "ಈಗ ಕಣ್ಣು ಬಿಡಿ" ಎಂದರು. ಅಕ್ಕೋರು ಬಿಟ್ಟರು, ಆದರೆ ಕಣ್ಣು ಅರ್ಧವೂ ತೆರೆಯಲಿಲ್ಲ. ಚರ್ಮದ ಮಡಿಕೆ ಎರಡೂ ಕಡೆ ಪಾಪೆಯ ಮೇಲೇ ಇಳಿದು ಕುಳಿತಿತ್ತು. "ಏನೂ ಕಾಣಸವಲ್ದು" ಎಂದು ಅವರು ಗಾಬರಿಯಾದರು.

ಡಾಕ್ಟರು ಕೈ ತೆಗೆದು ಹೇಳಿದ ಮಾತು ಇದು. ಹಣೆಯ ಈ ಸುಕ್ಕುಗಳು ಮುಪ್ಪಿನಿಂದ ಸುಮ್ಮನೆ ಬಂದವಲ್ಲ. ರೆಪ್ಪೆ ಭಾರವಾದಾಗ ಕಾಣುವುದಕ್ಕಾಗಿ ಹಣೆಯ ಸ್ನಾಯು ಹಗಲೆಲ್ಲ ಹುಬ್ಬನ್ನು ಎತ್ತಿ ಹಿಡಿಯುತ್ತದೆ. ಆ ದುಡಿಮೆಯ ಗುರುತೇ ಈ ಗೆರೆಗಳು. ಈಗ ಸೂಜಿಮದ್ದು ಹಾಕಿ ಆ ಸ್ನಾಯುವನ್ನು ಮಲಗಿಸಿದರೆ ಗೆರೆಗಳೇನೋ ಮಾಯವಾಗುತ್ತವೆ, ಅದರೊಂದಿಗೆ ಹುಬ್ಬೂ ಇಳಿಯುತ್ತದೆ, ಇದ್ದ ದೃಷ್ಟಿಯೂ ಮುಚ್ಚಿಹೋಗುತ್ತದೆ. ಮದ್ದಿನ ಬಲ ಇಳಿಯುವವರೆಗೆ ಮೂರು ನಾಲ್ಕು ತಿಂಗಳು ಬೆರಳಿನಿಂದ ರೆಪ್ಪೆ ಎತ್ತಿಕೊಂಡೇ ತಿರುಗಾಡಬೇಕು. ಸೊಸೆ ಪ್ರೀತಿಯಿಂದ ಕೊಟ್ಟುಬಂದ ಮುಂಗಡ ಈ ಕೆಲಸಕ್ಕೆ! ಆ ಅಂಗಡಿಯಲ್ಲಿ ಯಾರೂ ಅಕ್ಕೋರ ಹಣೆಯನ್ನು ಮುಟ್ಟಿ ನೋಡಿರಲಿಲ್ಲ, ಫೋಟೋ ನೋಡಿಯೇ ದರ ಹೇಳಿದ್ದರು.

ಇದರ ಅರ್ಥ ಸೂಜಿಮದ್ದು ಕೆಟ್ಟದ್ದೆಂದಲ್ಲ. ಅದರ ಚರಿತ್ರೆಯೂ ಸ್ವಾರಸ್ಯವಾಗಿದೆ. ಸರಿಯಾಗಿ ಕುದಿಸದೆ ಡಬ್ಬಿಯಲ್ಲಿ ತುಂಬಿಟ್ಟ ಆಹಾರದಲ್ಲಿ ಒಂದು ಜಾತಿಯ ಸೂಕ್ಷ್ಮಜೀವಿ ಬೆಳೆದು ಬೊಟುಲಿನಮ್ ಎಂಬ ಘೋರ ವಿಷವನ್ನು ಮಾಡುತ್ತದೆ. ನರದಿಂದ ಸ್ನಾಯುವಿಗೆ ಹೋಗುವ ಆಜ್ಞೆಯನ್ನು ತಡೆಯುವುದು ಆ ವಿಷದ ಗುಣ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದ ನೇತ್ರವೈದ್ಯ ಅಲನ್ ಸ್ಕಾಟ್ ಎಂಬವರು ಇದನ್ನು ಅತಿ ಸೂಕ್ಷ್ಮ ಪ್ರಮಾಣದಲ್ಲಿ ಮೆಳ್ಳೆಗಣ್ಣಿಗೆ ಔಷಧವಾಗಿ ಪ್ರಯೋಗಿಸಿದರು. 1989ರಲ್ಲಿ ಮೆಳ್ಳೆಗಣ್ಣಿಗೂ, ರೆಪ್ಪೆಗಳು ತಾವಾಗಿಯೇ ಬಿಗಿದು ಮುಚ್ಚಿಕೊಳ್ಳುವ ರೋಗಕ್ಕೂ ಅಮೆರಿಕದಲ್ಲಿ ಇದಕ್ಕೆ ಪರವಾನಗಿ ದೊರೆಯಿತು. ಕೆನಡಾದ ವ್ಯಾಂಕೂವರಿನಲ್ಲಿ ಜೀನ್ ಕರುದರ್ಸ್ ಎಂಬ ನೇತ್ರವೈದ್ಯೆ ಇದೇ ರೋಗದವರಿಗೆ ಚಿಕಿತ್ಸೆ ಮಾಡುತ್ತಿದ್ದಾಗ, ಅವರಲ್ಲೊಬ್ಬರ ಹುಬ್ಬುಗಳ ನಡುವಿನ ಗೆರೆ ಮಾಯವಾದದ್ದು ಕಂಡಿತು. ಅವರೂ ಚರ್ಮವೈದ್ಯರಾದ ಅವರ ಪತಿ ಅಲಸ್ಟೇರ್ ಕರುದರ್ಸರೂ ಕೂಡಿ 1992ರಲ್ಲಿ ಅದನ್ನು ಬರೆದು ಪ್ರಕಟಿಸಿದರು. ಹುಬ್ಬುಗಳ ನಡುವಿನ ಗೆರೆಗೆ ಅಮೆರಿಕದ ಪರವಾನಗಿ ಬಂದದ್ದು 2002ರಲ್ಲಿ. ಅಂತೂ ಚೆಲುವಿನ ಮದ್ದಾಗುವುದಕ್ಕೆ ಮೊದಲೇ ಇದು ಕಣ್ಣಿನ ರೋಗದ ಮದ್ದಾಗಿತ್ತು. ಬೋಟಾಕ್ಸ್ ಎಂಬ ವ್ಯಾಪಾರದ ಹೆಸರಿನಿಂದ ಎಲ್ಲರಿಗೂ ಪರಿಚಿತವಾದದ್ದು ಇದೇ.

ಹುಬ್ಬಿನ ಹೊರತುದಿಯನ್ನು ಕೆಳಕ್ಕೆಳೆಯುವ ಸ್ನಾಯುವಿಗೆ ಇದನ್ನು ಹಾಕಿದರೆ ಹುಬ್ಬು ಒಂದೆರಡು ಮಿಲಿಮೀಟರ್ ಮೇಲೇಳುತ್ತದೆ. ಮೂವತ್ತು ನಲವತ್ತರ ವಯಸ್ಸಿನವರಿಗೆ, ಹುಬ್ಬು ತುಸುವೇ ಇಳಿದವರಿಗೆ, ಇಷ್ಟು ಸಾಕಾಗಬಹುದು. ಗುಣ ಕಾಣಿಸಲು ಕೆಲವು ದಿನ ಹಿಡಿಯುತ್ತದೆ, ಮೂರು ನಾಲ್ಕು ತಿಂಗಳಿಗೆ ಕರಗುತ್ತದೆ, ಮತ್ತೆ ಹಾಕಿಸಬೇಕು. ಮದ್ದು ತಪ್ಪು ಕಡೆಗೆ ಹರಿದು ರೆಪ್ಪೆಯೆತ್ತುವ ಸ್ನಾಯುವಿಗೆ ತಾಗಿದರೆ ರೆಪ್ಪೆ ಜೋತುಬೀಳುತ್ತದೆ. ಕೆಲವು ವಾರಗಳಲ್ಲಿ ಅದು ತಾನಾಗಿಯೇ ಸರಿಯಾಗುತ್ತದೆಂಬುದೇ ಸಮಾಧಾನ. ಹೆಚ್ಚಾದ ಚರ್ಮವನ್ನು ಮಾತ್ರ ಈ ಸೂಜಿ ಒಂದು ಎಳೆಯಷ್ಟೂ ಕಡಿಮೆ ಮಾಡಲಾರದು.

ಎರಡನೆಯ ಬಗೆಯ ಸೂಜಿ ಫಿಲ್ಲರಿನದು. ಇದು ತಗ್ಗಿಗೆ ಮಣ್ಣು ತುಂಬಿದ ಹಾಗೆ. ಕೆಳರೆಪ್ಪೆಗೂ ಕೆನ್ನೆಗೂ ನಡುವೆ ಬೀಳುವ ತಗ್ಗಿನಲ್ಲಿ ಹಯಲುರಾನಿಕ್ ಆಮ್ಲದ ಲೋಳೆಯನ್ನು ತುಂಬುತ್ತಾರೆ. ಕಳೆದ ತಿಂಗಳು ಮದುವೆ ನಿಶ್ಚಯವಾದ ತರುಣ ವಾಚಕರೊಬ್ಬರು, ಕಣ್ಣಿನ ಕೆಳಗಿನ ಕಪ್ಪಿಗೆ ಇದನ್ನು ಹಾಕಿಸಲೇ ಎಂದು ನಮ್ಮನ್ನು ಗುಟ್ಟಾಗಿ ಕೇಳಿದರು. ಅವರು ಮೊದಲು ಮಾಡಬೇಕಾದದ್ದು, ಕನ್ನಡಿ ಹಿಡಿದು ಕಿಟಕಿಯ ಬೆಳಕಿಗೆ ನೇರವಾಗಿ ಮುಖ ಮಾಡಿ ನಿಲ್ಲುವುದು. ಕಪ್ಪು ಮಾಯವಾದರೆ ಅದು ತಗ್ಗಿನ ನೆರಳು, ಹಾಗೆಯೇ ಉಳಿದರೆ ಚರ್ಮದ ಬಣ್ಣವೇ ಹಾಗಿರಬಹುದು. ಬಣ್ಣಕ್ಕೆ ಲೋಳೆ ತುಂಬಿ ಏನು ಫಲ? ರಾತ್ರಿ ಪಾಳಿಯಿಂದ ಬಂದ ಕಪ್ಪಿಗಂತೂ ನಿದ್ದೆಯೇ ಮದ್ದು. ಆದರೆ ಪಾಳಿಯನ್ನು ನಾವು ಬದಲಿಸುವಂತಿಲ್ಲವಲ್ಲ.

ಫಿಲ್ಲರಿನ ವಿಷಯದಲ್ಲಿ ಒಂದು ಮಾತನ್ನು ಮರೆಯಬಾರದು. ಹುಬ್ಬುಗಳ ನಡುವಿನ, ಮೂಗಿನ ಮತ್ತು ಕಣ್ಣಿನ ಸುತ್ತಲಿನ ಸಣ್ಣ ರಕ್ತನಾಳಗಳು ಕಣ್ಣಿನ ಒಳಗಿನ ನಾಳಗಳೊಂದಿಗೆ ಕೂಡಿಕೊಂಡಿವೆ. ಸೂಜಿಯ ತುದಿ ನಾಳದೊಳಕ್ಕೆ ಹೊಕ್ಕು ಲೋಳೆಯನ್ನು ಒತ್ತಿದರೆ, ಅದು ಹಿಮ್ಮುಖವಾಗಿ ಹರಿದು ಕಣ್ಣಿನ ರಕ್ತವನ್ನೇ ಕಟ್ಟಿಬಿಡಬಲ್ಲದು. ಹೀಗಾಗುವುದು ಬಹಳ ವಿರಳ, ಆದರೆ ಆದಾಗ ದೃಷ್ಟಿ ನಿಮಿಷಗಳಲ್ಲಿ ಹೋಗುತ್ತದೆ, ಸಾಮಾನ್ಯವಾಗಿ ಮರಳಿ ಬರುವುದಿಲ್ಲ. ಈ ಲೋಳೆಯನ್ನು ಕರಗಿಸುವ ಹಯಲುರಾನಿಡೇಸ್ ಎಂಬ ಔಷಧ ಇದೆ. ಫಿಲ್ಲರ್ ಹಾಕುವವರ ಕೈಗೆಟುಕುವಲ್ಲಿ ಅದು ಸಿದ್ಧವಾಗಿರಲೇಬೇಕು, ಅದನ್ನು ಬಳಸಲೂ ಅವರು ಬಲ್ಲವರಾಗಿರಬೇಕು. 'ಕತ್ತಿಯಿಲ್ಲ, ಆದ್ದರಿಂದ ಅಪಾಯವಿಲ್ಲ' ಎಂಬ ಜಾಹೀರಾತಿನ ತರ್ಕ ಇಲ್ಲಿ ಮುರಿದುಬೀಳುತ್ತದೆ. ಕೂದಲು ಕತ್ತರಿಸುವ ಕುರ್ಚಿಯ ಮೇಲೆ ಕೂತು ಹಾಕಿಸಿಕೊಳ್ಳುವ ಸೂಜಿ ಇದಲ್ಲ.

ಯಂತ್ರಗಳ ಮಾತು ಸಂಕ್ಷೇಪವಾಗಿ ಹೇಳಿದರೆ ಸಾಕು. ಲೇಸರ್ ಕಿರಣ, ರೇಡಿಯೋ ತರಂಗ, ಕಿವಿಗೆ ಕೇಳಿಸದ ಶಬ್ದತರಂಗ, ಇವೆಲ್ಲ ಚರ್ಮದ ಒಳಪದರಕ್ಕೆ ಕಾವು ಕೊಟ್ಟು ಅಲ್ಲಿನ ಕೊಲಾಜೆನ್ ಎಂಬ ನಾರನ್ನು ಬಿಗಿಯುವಂತೆ ಮಾಡುತ್ತವೆ. ಬಟ್ಟೆಗೆ ಬಿಸಿನೀರು ತಾಗಿ ಸ್ವಲ್ಪ ಕುಗ್ಗಿದ ಹಾಗೆ. ಕುಗ್ಗುವುದು ಸ್ವಲ್ಪವೇ, ಅದೂ ತಿಂಗಳುಗಳ ಮೇಲೆ. ನಮ್ಮಂಥ ಕಂದುಬಣ್ಣದ ಚರ್ಮದವರಿಗೆ ಲೇಸರ್ ಆದ ಕಡೆ ಕಪ್ಪು ಕಲೆ ಉಳಿಯುವ ಭಯ ಬಿಳಿಯರಿಗಿಂತ ಹೆಚ್ಚು. ರೆಪ್ಪೆಯ ಹತ್ತಿರ ಲೇಸರ್ ಮಾಡುವಾಗ ಕಣ್ಣುಗುಡ್ಡೆಯ ಮೇಲೆ ರಕ್ಷಣೆಯ ಮುಚ್ಚಳ ಇಡಲೇಬೇಕು. ಸಡಿಲಾದ ರೆಪ್ಪೆಗೆ ಹನಿ ಮದ್ದೂ ಒಂದಿದೆ. ಆಕ್ಸಿಮೆಟಾಜೋಲಿನ್ ಎಂಬ ಆ ಹನಿಗೆ 2020ರಲ್ಲಿ ಅಮೆರಿಕದಲ್ಲಿ ಪರವಾನಗಿ ಸಿಕ್ಕಿತು. ಅದು ಮುಲ್ಲರ್ ಸ್ನಾಯುವನ್ನು ಚುರುಕುಗೊಳಿಸಿ ರೆಪ್ಪೆಯ ಅಂಚನ್ನು ಕೆಲವು ಗಂಟೆಗಳ ಮಟ್ಟಿಗೆ ತುಸು ಎತ್ತುತ್ತದೆ. ಮಾರನೆಯ ದಿನ ಮತ್ತೆ ಹಾಕಬೇಕು. ಮುಲಾಮು, ಸೌತೆಕಾಯಿ, ಮುಖದ ವ್ಯಾಯಾಮ ಇವುಗಳಿಂದ ಹಿಗ್ಗಿದ ಚರ್ಮ ಹಿಂದಕ್ಕೆ ಹೋಗುವುದಿಲ್ಲ. ತಣ್ಣೀರಿನ ಬಟ್ಟೆಯಿಂದ ಬೆಳಗಿನ ಊತ ಇಳಿಯುತ್ತದೆ, ಅಷ್ಟೇ.

ಇನ್ನು ಶಸ್ತ್ರದ ದಾರಿ. ಇದು ಇಂದಿನದಲ್ಲ. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ, ರೆಪ್ಪೆಗೂದಲು ಒಳಕ್ಕೆ ತಿರುಗಿ ಕಣ್ಣಿಗೆ ಚುಚ್ಚುವ ರೋಗಕ್ಕೆ, ಹುಬ್ಬಿನ ಕೆಳಗೆ ಜವೆಯ ಕಾಳಿನ ಆಕಾರದಲ್ಲಿ ಚರ್ಮವನ್ನು ತೆಗೆದು ಕೂದಲಿನಿಂದ ಹೊಲಿಯಬೇಕೆಂದು ಹೇಳಿದೆ. ಇಂದಿನ ಶಸ್ತ್ರವೈದ್ಯರು ಮೇಲಿನ ರೆಪ್ಪೆಯಲ್ಲಿ ತೆಗೆಯುವ ಚರ್ಮದ ಆಕಾರವೂ ಹೆಚ್ಚುಕಡಿಮೆ ಅದೇ, ನಡುವೆ ಅಗಲ, ಎರಡು ತುದಿಗಳಲ್ಲಿ ಚೂಪು. ಸುಶ್ರುತರ ಉದ್ದೇಶ ಚೆಲುವಲ್ಲ, ಕಣ್ಣಿನ ರಕ್ಷಣೆ, ಎಂಬುದನ್ನೂ ನೆನಪಿಡಬೇಕು. ಇಂದು ಈ ಶಸ್ತ್ರಕ್ರಿಯೆಗಿರುವ ಬ್ಲೆಫರೋಪ್ಲಾಸ್ಟಿ ಎಂಬ ಹೆಸರನ್ನು 1818ರಲ್ಲಿ ಬಳಕೆಗೆ ತಂದ ಜರ್ಮನಿಯ ಕಾರ್ಲ್ ಫೊನ್ ಗ್ರೇಫೆಯವರೂ ಅಷ್ಟೇ. ರೋಗದಿಂದ ಹಾಳಾದ ರೆಪ್ಪೆಯನ್ನು ಪುನಃ ಕಟ್ಟುವುದಕ್ಕೆ ಅವರು ಆ ಹೆಸರಿಟ್ಟಿದ್ದರು.

ನಮ್ಮ ಹಿರಿಯರಿಗೆ ಕಣ್ಣಿನ ಆಪರೇಷನ್ನೆಂದರೆ ನೆನಪಾಗುವುದು ಡಾಕ್ಟರ್ ಎಂ. ಸಿ. ಮೋದಿಯವರ ಶಿಬಿರಗಳು. ಊರೂರಿಗೆ ಹೋಗಿ, ಸಾಲಾಗಿ ಮಲಗಿಸಿ, ಪೊರೆ ತೆಗೆದು ಬಡವರಿಗೆ ಬೆಳಕು ಕೊಟ್ಟ ಪುಣ್ಯಾತ್ಮರು ಅವರು, 2005ರಲ್ಲಿ ತೀರಿಕೊಂಡರು. ರೆಪ್ಪೆಯ ಶಸ್ತ್ರಕ್ರಿಯೆ ಅದಕ್ಕಿಂತ ಬೇರೆ, ಇದರಲ್ಲಿ ಕಣ್ಣುಗುಡ್ಡೆಯೊಳಕ್ಕೆ ಕತ್ತಿ ಹೋಗುವುದಿಲ್ಲ. ರೋಗಿಯನ್ನು ಕೂರಿಸಿಯೇ ಮಸಿಯಿಂದ ಗುರುತು ಹಾಕುತ್ತಾರೆ, ಏಕೆಂದರೆ ಮಲಗಿದರೆ ಚರ್ಮ ಬೇರೆ ಕಡೆಗೆ ಜಾರುತ್ತದೆ. ರೆಪ್ಪೆಗೆ ಮಾತ್ರ ಜೋಮು ಹಿಡಿಸುವ ಸೂಜಿ ಹಾಕಿ, ಹೆಚ್ಚಾದ ಚರ್ಮವನ್ನೂ ಬೇಕಿದ್ದರೆ ತುಸು ಕೊಬ್ಬನ್ನೂ ತೆಗೆದು, ಸಹಜವಾಗಿ ಮಡಿಕೆ ಬೀಳುವ ಗೆರೆಯಲ್ಲೇ ಹೊಲಿಯುತ್ತಾರೆ. ಕಣ್ಣು ತೆರೆದಾಗ ಗಾಯದ ಗೆರೆ ಮಡಿಕೆಯೊಳಗೆ ಅಡಗುತ್ತದೆ. ಒಂದು ಗಂಟೆಯ ಆಸುಪಾಸಿನ ಕೆಲಸ, ಅದೇ ದಿನ ಮನೆಗೆ ಹೋಗಬಹುದು. ಐದರಿಂದ ಏಳು ದಿನಗಳಲ್ಲಿ ಹೊಲಿಗೆ ಬಿಚ್ಚುತ್ತಾರೆ. ಎರಡು ವಾರ ಕಣ್ಣಿನ ಸುತ್ತ ನೀಲಿಗಟ್ಟಿರುತ್ತದೆ. ಫಲ ಹಲವು ವರ್ಷ ಇರುತ್ತದೆ.

ಎಷ್ಟು ಚರ್ಮ ತೆಗೆಯಬೇಕೆಂಬುದಕ್ಕಿಂತ ಎಷ್ಟು ಉಳಿಸಬೇಕೆಂಬುದೇ ಇಲ್ಲಿ ಮುಖ್ಯ ಲೆಕ್ಕ. ಹುಬ್ಬಿನಿಂದ ರೆಪ್ಪೆಗೂದಲಿನವರೆಗೆ ಸುಮಾರು 20 ಮಿಲಿಮೀಟರ್ ಚರ್ಮ ಉಳಿಯಬೇಕೆಂಬುದು ಶಸ್ತ್ರವೈದ್ಯರ ನಿಯಮ. ಲೋಭದಿಂದ ಹೆಚ್ಚು ಕತ್ತರಿಸಿದರೆ ನಿದ್ದೆಯಲ್ಲಿಯೂ ರೆಪ್ಪೆ ಪೂರ್ತಿ ಮುಚ್ಚುವುದಿಲ್ಲ, ಕಣ್ಣು ಒಣಗಿ ಹುಣ್ಣಾಗಬಹುದು. ಈ ಕಾರಣಕ್ಕಾಗಿಯೇ ಮೊದಲು ಕಣ್ಣೀರಿನ ಪರೀಕ್ಷೆ ಮಾಡುತ್ತಾರೆ. ಸಣ್ಣ ಕಾಗದದ ಪಟ್ಟಿಯನ್ನು ಕೆಳರೆಪ್ಪೆಗೆ ಸಿಕ್ಕಿಸಿ ಐದು ನಿಮಿಷದಲ್ಲಿ ಎಷ್ಟು ನೆನೆಯಿತೆಂದು ಅಳೆಯುತ್ತಾರೆ. ಅಕ್ಕೋರು ಪಟ್ಟಿ ಸಿಕ್ಕಿಸಿಕೊಂಡು ಕೂತದ್ದನ್ನು ನೋಡಿ ನಮಗೆ ನಮ್ಮ ಗಿರಣಿಯ ಬಣ್ಣದ ಖಾತೆಯಲ್ಲಿ ನೂಲಿನ ಹೀರಿಕೆ ನೋಡುವುದು ನೆನಪಾಯಿತು.

ಶಸ್ತ್ರದ ಅತಿ ದೊಡ್ಡ ಅಪಾಯ ಕಣ್ಣುಗುಡ್ಡೆಯ ಹಿಂದೆ ರಕ್ತ ಕಟ್ಟುವುದು. ಇದು ಎರಡು ಸಾವಿರ ಜನರಲ್ಲಿ ಒಬ್ಬರಿಗೆ ಆಗಬಹುದೆಂಬ ಲೆಕ್ಕವಿದೆ, ದೃಷ್ಟಿ ಶಾಶ್ವತವಾಗಿ ಹೋಗುವುದು ಅದಕ್ಕಿಂತಲೂ ಬಹಳ ಕಡಿಮೆ. ಶಸ್ತ್ರಕ್ರಿಯೆಯಾದ ದಿನ ಅಥವಾ ಆ ರಾತ್ರಿ ವಿಪರೀತ ನೋವು, ಕಣ್ಣು ಮುಂದಕ್ಕೆ ಉಬ್ಬಿ ಬರುವುದು, ದೃಷ್ಟಿ ಮಬ್ಬಾಗುವುದು ಕಂಡರೆ ಬೆಳಗಾಗಲೆಂದು ಕಾಯಬಾರದು. ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು. ರಕ್ತ ತೆಳುಮಾಡುವ ಗುಳಿಗೆ ತೆಗೆದುಕೊಳ್ಳುವವರು ಅದನ್ನು ಮುಂಚಿತವಾಗಿ ಹೇಳಬೇಕು. ಅಕ್ಕೋರು ಹೃದಯದ ಸಲುವಾಗಿ ಆಸ್ಪಿರಿನ್ ನುಂಗುತ್ತಿದ್ದರು. "ನಾಲ್ಕ ದಿನ ಬಿಟ್ಟರಾತು" ಎಂದು ತಾವೇ ತೀರ್ಮಾನಿಸಿದ್ದರು. ಡಾಕ್ಟರು ಅದಕ್ಕೆ ಒಪ್ಪದೆ ಹೃದಯದ ಡಾಕ್ಟರಿಂದ ಚೀಟಿ ತರಿಸಿದರು.

ಕೆಳರೆಪ್ಪೆಯ ಚೀಲಗಳ ಶಸ್ತ್ರಕ್ರಿಯೆ ಇನ್ನೂ ಸೂಕ್ಷ್ಮ. ಅಲ್ಲಿ ಚರ್ಮ ಹೆಚ್ಚು ತೆಗೆದರೆ ರೆಪ್ಪೆ ಹೊರಕ್ಕೆ ತಿರುಗಿ ಕಣ್ಣೀರು ಸೋರುತ್ತದೆ. ಚರ್ಮ ಚೆನ್ನಾಗಿದ್ದು ಕೊಬ್ಬು ಮಾತ್ರ ಉಬ್ಬಿದ್ದರೆ ರೆಪ್ಪೆಯ ಒಳಮೈಯಿಂದಲೇ ಅದನ್ನು ಸರಿಪಡಿಸುವುದುಂಟು, ಹೊರಗೆ ಗಾಯದ ಗುರುತೇ ಇರುವುದಿಲ್ಲ.

ಸೂಜಿಯೋ ಶಸ್ತ್ರವೋ ಎಂಬ ಪ್ರಶ್ನೆಗೆ ಮುಂಚೆ ಬರುವ ಪ್ರಶ್ನೆಯೊಂದಿದೆ. ಈ ಜೋಲುವಿಕೆ ವಯಸ್ಸಿನದೋ, ರೋಗದ್ದೋ? ರೆಪ್ಪೆ ಒಂದೆರಡು ದಿನಗಳಲ್ಲಿ ಹಠಾತ್ತಾಗಿ ಇಳಿದು, ತಲೆನೋವು, ಒಂದು ಎರಡಾಗಿ ಕಾಣುವುದು, ಪಾಪೆ ಒಂದು ಕಡೆ ದೊಡ್ಡದಾಗುವುದು ಇದ್ದರೆ ಮಿದುಳಿನ ರಕ್ತನಾಳ ಉಬ್ಬಿ ಮೂರನೆಯ ನರವನ್ನು ಒತ್ತುತ್ತಿರಬಹುದು. ಇದು ಪ್ರಾಣಕ್ಕೆ ಸಂಬಂಧಿಸಿದ್ದು, ತಡಮಾಡಬಾರದು. ಬೆಳಿಗ್ಗೆ ಸರಿಯಿದ್ದ ರೆಪ್ಪೆ ಸಂಜೆಯ ಹೊತ್ತಿಗೆ ದಣಿದು ಇಳಿಯುತ್ತಿದ್ದರೆ, ಅಗಿಯಲೂ ನುಂಗಲೂ ಆಯಾಸವಾಗುತ್ತಿದ್ದರೆ, ಅದು ಮಯಸ್ತೀನಿಯಾ ಎಂಬ ಸ್ನಾಯುರೋಗವಿದ್ದೀತು. ಅಂಥವರಿಗೆ ಬೊಟುಲಿನಮ್ ಸೂಜಿ ಹಾಕುವುದು ಅಪಾಯ. ಬೆಳಿಗ್ಗೆ ಎರಡೂ ರೆಪ್ಪೆ ಊದುತ್ತಿದ್ದರೆ ಮೂತ್ರಪಿಂಡವನ್ನೂ ಥೈರಾಯ್ಡನ್ನೂ ಪರೀಕ್ಷಿಸಬೇಕು. ರೆಪ್ಪೆಯ ಒಳಮೂಲೆಯಲ್ಲಿ ಹಳದಿ ಚಪ್ಪೆ ಗಂಟುಗಳಿದ್ದರೆ ರಕ್ತದ ಕೊಲೆಸ್ಟರಾಲ್ ನೋಡಿಸಬೇಕು. ಈ ಯಾವುದನ್ನೂ ಚೆಲುವಿನ ಅಂಗಡಿಯವರು ಕೇಳುವುದಿಲ್ಲ. ಅವರ ಮೇಲೆ ನಮಗೆ ದ್ವೇಷವಿಲ್ಲ. ಅದು ಅವರ ವಿದ್ಯೆಯಲ್ಲ, ಅಷ್ಟೇ. ರೆಪ್ಪೆಯ ಕೆಲಸದಲ್ಲೇ ಪಳಗಿದ ನೇತ್ರವೈದ್ಯರನ್ನು ಆಕ್ಯುಲೋಪ್ಲಾಸ್ಟಿ ತಜ್ಞರೆನ್ನುತ್ತಾರೆ. ಮುಂಬಯಿ, ಪುಣೆ, ಮದರಾಸು, ಹೈದರಾಬಾದು, ದೆಹಲಿ, ಎಲ್ಲ ಕಡೆ ದೊಡ್ಡ ಕಣ್ಣಾಸ್ಪತ್ರೆಗಳಲ್ಲಿ ಇವರಿದ್ದಾರೆ. ಚೀಟಿ ಮಾಡಿಸುವಾಗ ಈ ಹೆಸರನ್ನೇ ಹೇಳಿ ಕೇಳಿರಿ.

ಹಣದ ಮಾತು. ಆರೋಗ್ಯ ವಿಮೆಯವರು ಚೆಲುವಿನ ಶಸ್ತ್ರಕ್ರಿಯೆಗೆ ಹಣ ಕೊಡುವುದಿಲ್ಲ. ಅಪಘಾತ, ಸುಟ್ಟ ಗಾಯ, ಕ್ಯಾನ್ಸರ್ ಆದ ಮೇಲೆ ಅಂಗವನ್ನು ಪುನಃ ಕಟ್ಟುವುದಕ್ಕೂ, ಆರೋಗ್ಯಕ್ಕಿರುವ ನೇರವಾದ ಅಪಾಯ ತಪ್ಪಿಸಲು ಅಗತ್ಯವೆಂದು ಚಿಕಿತ್ಸೆ ಮಾಡುವ ವೈದ್ಯರು ಬರೆದುಕೊಟ್ಟುದಕ್ಕೂ ಮಾತ್ರ ವಿನಾಯಿತಿ ಇದೆ. ಹೀಗಾಗಿ ಕಾಗದಪತ್ರ ಮುಖ್ಯ. ರೆಪ್ಪೆಯಿಂದ ದೃಷ್ಟಿಗೆ ಎಷ್ಟು ಅಡ್ಡಿಯಾಗಿದೆಯೆಂದು ಅಳೆಯುವ ಪರೀಕ್ಷೆ ಇದೆ. ರೆಪ್ಪೆ ಇದ್ದ ಹಾಗೆಯೇ ಒಮ್ಮೆ, ಪಟ್ಟಿ ಅಂಟಿಸಿ ಎತ್ತಿ ಇನ್ನೊಮ್ಮೆ, ಸುತ್ತಲಿನ ಬೆಳಕಿನ ಚುಕ್ಕೆಗಳು ಎಷ್ಟು ಕಾಣುತ್ತವೆಂದು ಎಣಿಸುತ್ತಾರೆ. ಅದರ ನಕ್ಷೆಯನ್ನೂ ಫೋಟೋಗಳನ್ನೂ ಜೋಪಾನವಾಗಿಡಿ, ಅರ್ಜಿಗೆ ಮೊದಲೇ ವಿಮೆಯವರಿಂದ ಬರಹದಲ್ಲಿ ಉತ್ತರ ತರಿಸಿಕೊಳ್ಳಿ. ಬಾಯಿಮಾತಿನ 'ಆಗುತ್ತದೆ' ಲೆಕ್ಕಕ್ಕೆ ಬರುವುದಿಲ್ಲವೆಂಬುದು ಗುಮಾಸ್ತರಾದ ನಮಗೆ ಚೆನ್ನಾಗಿ ಗೊತ್ತು.

ಚೆಂದ ಕಾಣಬೇಕೆಂಬ ಆಸೆಯನ್ನು ನಾವು ಹಳಿಯುವವರಲ್ಲ. ಹಬ್ಬಕ್ಕೆ ಗೋಡೆಗೆ ಸುಣ್ಣ ಹೊಡೆಯುವ ಜನ ನಾವು. ತನ್ನ ಮುಖ ಸದಾ ದಣಿದಂತೆ ಕಾಣುತ್ತದೆಂದು ನೊಂದವರಿಗೆ ಆ ನೋವು ನಿಜವೇ. ಬಲ್ಲವರ ಕೈಯಲ್ಲಿ, ಏನಾಗುತ್ತದೆ ಏನಾಗುವುದಿಲ್ಲವೆಂದು ತಿಳಿದು ಮಾಡಿಸಿಕೊಂಡರೆ ತಪ್ಪೇನಿಲ್ಲ. ಬಟ್ಟೆ ಹಿಗ್ಗಿದವರಿಗೆ ಸೂಜಿ ಮಾರುವುದೂ, ಒಂದೆರಡು ಮಿಲಿಮೀಟರಿನಲ್ಲಿ ಸಮಾಧಾನಪಡಬಹುದಾದವರನ್ನು ಕತ್ತಿಯ ಕೆಳಗೆ ಮಲಗಿಸುವುದೂ ಮಾತ್ರ ನಮಗೆ ಸರಿಕಾಣುವುದಿಲ್ಲ.

ಅಕ್ಕೋರಿಗೆ ಎರಡೂ ಕಡೆಯ ಹೆಚ್ಚಿನ ಚರ್ಮ ತೆಗೆದು, ಎಡಗಣ್ಣಿನ ಸ್ನಾಯುವನ್ನೂ ಬಿಗಿದರು. ಮೇಜಿನ ಮೇಲೆ ಅವರು ಎಚ್ಚರವಾಗಿಯೇ ಇದ್ದರು. ನಡುನಡುವೆ ಎಬ್ಬಿಸಿ ಕೂರಿಸಿ ಎರಡೂ ಕಣ್ಣು ಸಮನಾಗಿವೆಯೇ ಎಂದು ಡಾಕ್ಟರು ನೋಡಿದರಂತೆ. ಮೊದಲ ಎರಡು ದಿನ ತಣ್ಣನೆಯ ಬಟ್ಟೆ ಇಟ್ಟುಕೊಂಡು, ಎರಡು ದಿಂಬಿನ ಮೇಲೆ ತಲೆಯಿಟ್ಟು ಮಲಗಿದರು. ಒಂದು ವಾರ ಬಗ್ಗಿ ಕಸ ಗುಡಿಸಲು ಸೊಸೆ ಬಿಡಲಿಲ್ಲ. ಕನ್ನಡಿಯಲ್ಲಿ ನೀಲಿಗಟ್ಟಿದ ಮುಖ ನೋಡಿ ಅತ್ತರಂತೆ. ಅದನ್ನೂ ಬರೆಯಿರೆಂದು ಅವರೇ ಹೇಳಿದ್ದಾರೆ. ಸೂಜಿಯ ಅಂಗಡಿಯವರು ಮುಂಗಡದಲ್ಲಿ ಅರ್ಧ ಮಾತ್ರ ಹಿಂದಿರುಗಿಸಿದರು.

ಮೂರನೆಯ ವಾರ ಸಂಜೆ ಅಕ್ಕೋರು ವಾಚನಾಲಯಕ್ಕೆ ಬಂದರು. ಗದ್ದ ಇಳಿದಿತ್ತು, ಹಣೆಯ ಗೆರೆಗಳು ಪೂರ್ತಿ ಹೋಗದಿದ್ದರೂ ಸಡಿಲಾಗಿದ್ದವು. ಪತ್ರಿಕೆ ಹಿಡಿದು ಕೂತವರು ಒಮ್ಮೆ ತಲೆಯೆತ್ತಿ ಎದುರಿನ ಗೋಡೆಯ ಮೇಲಕ್ಕೆ ನೋಡಿದರು. "ಅಲ್ರೀ ತಮ್ಮಾ, ಈ ಗಡಿಯಾರ ಇಪ್ಪತ್ತ ಮಿನಿಟ ಹಿಂದ ಐತಲ್ಲ. ಎಷ್ಟ ದಿನದಿಂದ ಹಿಂಗ ಐತಿ?" ಎಂದರು. ನಮಗೂ ಗೊತ್ತಿರಲಿಲ್ಲ. ಏಣಿ ತಂದು ಸರಿಮಾಡಿದೆವು.